ಒಂದು ಕಿವಿಯನ್ನು ಬಿಟ್ಟುಕೊಡುವ ಮುನ್ನ

ಮುಂದಿನ ತಿಂಗಳು ನನ್ನ ಎಡಗಿವಿಯ ಹಿಂದೆ, ತಲೆಬುರುಡೆಯ ಒಳಗೆ ಬೆಳೆದಿರುವ ಗೆಡ್ಡೆಯೊಂದನ್ನು ತೆಗೆಸಿಕೊಳ್ಳಲಿದ್ದೇನೆ. ವೈದ್ಯಕೀಯದಲ್ಲಿ ಅದಕ್ಕೆ ವೆಸ್ಟಿಬ್ಯುಲರ್ ಶ್ವಾನೋಮಾ ಎಂದು ಹೆಸರು. ಹಳೆಯ ಪುಸ್ತಕಗಳಲ್ಲಿ ಅಕೌಸ್ಟಿಕ್ ನ್ಯೂರೋಮಾ ಎಂದಿರುತ್ತದೆ. ಮೈಸೂರಿನಲ್ಲಿ ಎಂಬಿಬಿಎಸ್, ಬೆಂಗಳೂರಿನಲ್ಲಿ ಎಂಡಿ ಮುಗಿಸಿ, ಎರಡು ದಶಕಗಳಿಂದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ವೈದ್ಯೆಯಾಗಿರುವ ನನಗೆ ಈ ಹೆಸರು ಅಪರಿಚಿತವಲ್ಲ. ಆದರೆ ಸುದ್ದಿ ತಿಳಿದಂದಿನಿಂದ ಊರಿನ ಬಂಧುಗಳು ದೂರವಾಣಿಯಲ್ಲಿ ಕೇಳುತ್ತಿರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಇದು ಕ್ಯಾನ್ಸರೇ? ಔಷಧದಿಂದ ಕರಗದೇ? ಬೆಂಗಳೂರಿಗೇ ಬಂದುಬಿಡಬಾರದೇ? ಅಲ್ಲಿ ನಿನ್ನನ್ನು ನೋಡಿಕೊಳ್ಳುವವರು ಯಾರು? ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳುವುದಕ್ಕಿಂತ ಬರೆದು ತಿಳಿಸುವುದು ಲೇಸೆನಿಸಿತು. ಅಮೆರಿಕಕ್ಕೆ ಬರಲು ಸಿದ್ಧತೆ ನಡೆಸಿರುವ ಯುವಜನರಿಗೂ ಇದರಲ್ಲಿ ಉಪಯೋಗಕ್ಕೆ ಬರುವ ಕೆಲವು ಸಂಗತಿಗಳಿರಬಹುದು.

ಮೊದಲ ಪ್ರಶ್ನೆಗೆ ಉತ್ತರ ಸರಳ: ಇದು ಕ್ಯಾನ್ಸರ್ ಅಲ್ಲ. ದೇಹದ ಬೇರೆ ಭಾಗಗಳಿಗೆ ಹರಡುವುದಿಲ್ಲ. ಕಿವಿಯ ಗೆಡ್ಡೆ ಎಂದು ಬಾಯಿಮಾತಿನಲ್ಲಿ ಹೇಳುತ್ತೇವಾದರೂ ಅದು ಹುಟ್ಟುವುದು ಒಳಗಿವಿಯಿಂದ ಮಿದುಳಿಗೆ ಹೋಗುವ ಎಂಟನೆಯ ಕಪಾಲ ನರದಲ್ಲಿ; ಅದರಲ್ಲೂ ಸಮತೋಲನದ ಸಂದೇಶಗಳನ್ನು ಒಯ್ಯುವ ಕವಲಿನ ಹೊದಿಕೆಯಲ್ಲಿ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಎಲುಬಿನ ಕಿರುಗಾಲುವೆಯೊಳಗೆ ಸಮತೋಲನದ ಎರಡು ಕವಲುಗಳು, ಶ್ರವಣದ ಒಂದು ಕವಲು, ಮುಖದ ಸ್ನಾಯುಗಳನ್ನು ಚಲಿಸುವ ಏಳನೆಯ ನರ ಇವೆಲ್ಲವೂ ಒತ್ತೊತ್ತಾಗಿ ಸಾಗುತ್ತವೆ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಗೆಡ್ಡೆ ಬೆಳೆದರೆ ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ ಶ್ರವಣಕ್ಕೆ. ಇನ್ನೂ ಬೆಳೆದರೆ ಅದು ಕಾಲುವೆಯಿಂದ ಹೊರಬಂದು ಮಿದುಳುಕಾಂಡವನ್ನು ಒತ್ತುತ್ತದೆ. ನಿರಪಾಯಕಾರಿ ಎಂಬ ಮಾತು ಕೋಶಗಳ ಸ್ವಭಾವಕ್ಕೆ ಸಂಬಂಧಿಸಿದ್ದು. ಗೆಡ್ಡೆ ಕುಳಿತಿರುವ ಜಾಗಕ್ಕೆ ಅದು ಅನ್ವಯಿಸುವುದಿಲ್ಲ.

ನನಗೆ ಕಾಣಿಸಿಕೊಂಡ ಮೊದಲ ಲಕ್ಷಣ ಪಠ್ಯಪುಸ್ತಕದಲ್ಲಿ ಇದ್ದಂತೆಯೇ ಇತ್ತು. ಎಡಗಿವಿಗೆ ಫೋನ್ ಹಿಡಿದಾಗ ಧ್ವನಿ ಕೇಳಿಸುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ಅದೇ ವಾರ ಶ್ರವಣ ಪರೀಕ್ಷೆ ಮಾಡಿಸಿಕೊಂಡೆ. ಎರಡು ಕಿವಿಗಳ ರೇಖೆಗಳು ಬೇರೆ ಬೇರೆ ದಾರಿ ಹಿಡಿದಿದ್ದವು. ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ಮಾಡಿದ ಎಂಆರ್‌ಐ ಚಿತ್ರದಲ್ಲಿ ಬಿಳಿಯ ಉಂಡೆಯೊಂದು ಕಂಡಿತು. ಓದುಗರು ಇದೊಂದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗಳಿಗೆ ಸಮನಾಗಿ ಬರುತ್ತದೆ. ಒಂದೇ ಕಿವಿ ಮಂದವಾದರೆ, ಒಂದೇ ಕಿವಿಯಲ್ಲಿ ನಿರಂತರವಾಗಿ ಗುಂಯ್‌ಗುಡುವ ಸದ್ದಿದ್ದರೆ ಪರೀಕ್ಷೆ ಮಾಡಿಸಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಬೇರೇನೋ ಇರುತ್ತದೆ. ಈ ಗೆಡ್ಡೆ ಅಪರೂಪದ್ದು. ವರ್ಷಕ್ಕೆ ಲಕ್ಷ ಜನರಲ್ಲಿ ಕೆಲವರಿಗಷ್ಟೇ ಪತ್ತೆಯಾಗುತ್ತದೆ.

ಮೂರು ದಾರಿಗಳು

ಇಂಥ ಗೆಡ್ಡೆಗೆ ವೈದ್ಯರು ಸೂಚಿಸುವ ದಾರಿಗಳು ಮೂರು. ಕಾದು ನೋಡುವುದು ಮೊದಲನೆಯದು. ಅನೇಕ ಗೆಡ್ಡೆಗಳು ವರ್ಷಗಟ್ಟಲೆ ಬೆಳೆಯುವುದೇ ಇಲ್ಲ. ಬೆಳೆಯುವಂಥವೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ. ಎರಡನೆಯದು ವಿಕಿರಣ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ರೂಪಿಸಿದ ಗಾಮಾ ನೈಫ್‌ನಿಂದ ಈ ಗೆಡ್ಡೆಗೆ ಮೊದಲ ಬಾರಿ ಚಿಕಿತ್ಸೆ ನೀಡಿದ್ದು 1969ರಲ್ಲಿ. ಲೆಕ್ಸೆಲ್ ಅವರ ಬಳಿ ಕಲಿತು ಬಂದ ನರಶಸ್ತ್ರಚಿಕಿತ್ಸಕ ಜಾನ್ ಆಡ್ಲರ್ ನಮ್ಮ ಇದೇ ಬೇ ಏರಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಸೈಬರ್‌ನೈಫ್ ಯಂತ್ರವನ್ನು ಅಭಿವೃದ್ಧಿಪಡಿಸಿದರು; 1994ರಲ್ಲಿ ಅಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆಯಿತು. ವಿಕಿರಣದ ಉದ್ದೇಶ ಬೆಳವಣಿಗೆಯನ್ನು ನಿಲ್ಲಿಸುವುದು. ಗೆಡ್ಡೆ ಒಳಗೇ ಉಳಿಯುತ್ತದೆ. ಮೂರನೆಯದು ಶಸ್ತ್ರಚಿಕಿತ್ಸೆ. ಬಂಧುಗಳು ಕೇಳುವ ಕರಗಿಸುವ ಮಾತ್ರೆಯಾಗಲಿ ಕಷಾಯವಾಗಲಿ ಇಲ್ಲ.

ನಾನು ಮೊದಲ ದಾರಿಯಲ್ಲೇ ಹೊರಟೆ. ಎರಡನೆಯ ಎಂಆರ್‌ಐ ವೇಳೆಗೆ ಗೆಡ್ಡೆ ಬೆಳೆದು ಎರಡು ಸೆಂಟಿಮೀಟರ್ ದಾಟಿತ್ತು, ಮಿದುಳುಕಾಂಡವನ್ನು ಮುಟ್ಟಿತ್ತು. ಇಬ್ಬರು ತಜ್ಞರ ಅಭಿಪ್ರಾಯ ಪಡೆದೆ. ಇಲ್ಲಿ ಎರಡನೆಯ ಅಭಿಪ್ರಾಯ ಕೇಳಿದರೆ ಮೊದಲ ವೈದ್ಯರು ಮುನಿಸಿಕೊಳ್ಳುವುದಿಲ್ಲ. ಕಾಗದಪತ್ರಗಳನ್ನು ಅವರೇ ಕಳುಹಿಸಿಕೊಡುತ್ತಾರೆ. ಬೇ ಏರಿಯಾದ ಅದೃಷ್ಟವೆಂದರೆ ಸ್ಟ್ಯಾನ್‌ಫರ್ಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್ ಎರಡರಲ್ಲೂ ಇಂಥ ಗೆಡ್ಡೆಗಳನ್ನು ನೋಡಿಕೊಳ್ಳುವ ವಿಶೇಷ ತಂಡಗಳಿವೆ. ಕಿವಿಯ ಶಸ್ತ್ರವೈದ್ಯರು ಮತ್ತು ಮಿದುಳಿನ ಶಸ್ತ್ರವೈದ್ಯರು ಒಟ್ಟಾಗಿ ಮಾಡುವ ಕೆಲಸ ಇದು. ತಂಡವೊಂದು ವರ್ಷಕ್ಕೆ ಎಷ್ಟು ಮಾಡುತ್ತದೆ ಎಂಬುದೇ ನಾನು ಕೇಳಿದ ಮೊದಲ ಪ್ರಶ್ನೆ. ಅಭ್ಯಾಸವಿರುವ ಕೈಗಳಲ್ಲಿ ಫಲಿತಾಂಶ ಉತ್ತಮ ಎಂಬುದರಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಈ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಓದಿದರೆ ಇಂದಿನ ಭಯ ಅರ್ಧ ಇಳಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಥ ಗೆಡ್ಡೆ ತೆಗೆಸಿಕೊಳ್ಳಲು ಹೋದವರಲ್ಲಿ ಹೆಚ್ಚಿನವರು ಬದುಕಿ ಬರುತ್ತಿರಲಿಲ್ಲ. ಹಾರ್ವೆ ಕುಶಿಂಗ್ 1917ರಲ್ಲಿ ಇದರ ಬಗ್ಗೆಯೇ ಗ್ರಂಥವೊಂದನ್ನು ಪ್ರಕಟಿಸಿದರು. ಗೆಡ್ಡೆಯ ಒಳಭಾಗವನ್ನಷ್ಟೇ ತೆಗೆದು, ರಕ್ತಸ್ರಾವವನ್ನು ಹತೋಟಿಯಲ್ಲಿಟ್ಟು ಸಾವಿನ ಪ್ರಮಾಣವನ್ನು ಬಹಳ ಇಳಿಸಿದರು. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಸೂಕ್ಷ್ಮದರ್ಶಕವನ್ನೂ ದಂತವೈದ್ಯರ ಡ್ರಿಲ್‌ನಂಥ ಉಪಕರಣವನ್ನೂ ಹಿಡಿದು, ಕಿವಿಯ ಹಿಂದಿನ ಎಲುಬಿನ ಮೂಲಕ ಗೆಡ್ಡೆಯನ್ನು ತಲುಪುವ ದಾರಿಯನ್ನು ಮತ್ತೆ ತೆರೆದರು. ಇಂದು ಅನುಭವಿ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಶೇಕಡ 1ಕ್ಕಿಂತ ಕಡಿಮೆ. ಆದ್ದರಿಂದ ಇಂದಿನ ರೋಗಿಯ ಮುಂದಿರುವ ಪ್ರಶ್ನೆ ಬದುಕುಳಿಯುವುದರ ಬಗ್ಗೆ ಅಷ್ಟಾಗಿ ಇಲ್ಲ. ಉಳಿಯುವ ಬದುಕಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದೇ ಪ್ರಶ್ನೆ.

ಯಾವುದನ್ನು ಬಿಡುವುದು

ಶಸ್ತ್ರವೈದ್ಯರು ನನ್ನ ಮುಂದೆ ಇಟ್ಟ ಲೆಕ್ಕ ಹೀಗಿತ್ತು. ಎಡಗಿವಿಯಲ್ಲಿ ಸದ್ದು ಇನ್ನೂ ಕೇಳುತ್ತಿದ್ದರೂ ಪದಗಳನ್ನು ಗುರುತಿಸುವ ಶಕ್ತಿ ಮೂರನೆಯ ಒಂದು ಭಾಗಕ್ಕೆ ಇಳಿದಿದೆ. ಅರ್ಧಕ್ಕಿಂತ ಕೆಳಗಿಳಿದರೆ ಆ ಕಿವಿಯನ್ನು ಉಪಯುಕ್ತ ಶ್ರವಣವುಳ್ಳದ್ದೆಂದು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಶ್ರವಣವನ್ನು ಉಳಿಸಲು ಯತ್ನಿಸುವ ಮಾರ್ಗಗಳು ಇವೆಯಾದರೂ ಈ ಗಾತ್ರದ ಗೆಡ್ಡೆಯಲ್ಲಿ ಯಶಸ್ಸಿನ ಸಾಧ್ಯತೆ ಕಡಿಮೆ. ಒಳಗಿವಿಯ ಮೂಲಕವೇ ಹೋಗುವ ಹೌಸ್ ಅವರ ಮಾರ್ಗದಲ್ಲಿ ಮಿದುಳನ್ನು ಸರಿಸುವ ಅಗತ್ಯ ಕಡಿಮೆ, ಮುಖದ ನರವನ್ನು ಮೊದಲೇ ಗುರುತಿಸಿಕೊಳ್ಳಬಹುದು. ಆದರೆ ಆ ಕಿವಿಯ ಶ್ರವಣ ಅಂದಿಗೆ ಮುಗಿಯುತ್ತದೆ, ಸಂದೇಹವಿಲ್ಲದೆ, ಶಾಶ್ವತವಾಗಿ. ಮುಖದ ನರಕ್ಕಾಗಿ ಕಿವಿಯನ್ನು ಕೊಡಬೇಕು. ನಾನು ಒಪ್ಪಿದೆ.

ವೈದ್ಯರು ಇದನ್ನು ಹೇಳುವುದಕ್ಕೆ ಐದು ನಿಮಿಷ ಸಾಕು. ಒಪ್ಪಿಕೊಂಡು ಮನೆಗೆ ಬಂದ ಮೇಲೆ ಅದರ ಅರ್ಥ ಬಿಡಿಬಿಡಿಯಾಗಿ ತಿಳಿಯುತ್ತದೆ. ಶ್ರವಣತಜ್ಞೆಯೊಬ್ಬರ ಸಲಹೆಯಂತೆ ಭಾನುವಾರವೊಂದನ್ನು ಎಡಗಿವಿಗೆ ಬಿಗಿಯಾದ ಬೆಣೆ ಹಾಕಿಕೊಂಡು ಕಳೆದೆ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಾಲಯಕ್ಕೆ ಹೋದಾಗ ಮಂಗಳಾರತಿಯ ಗಂಟೆ ಕೇಳಿಸಿತು, ಆದರೆ ಯಾವ ಗರ್ಭಗುಡಿಯದೆಂದು ತಿಳಿಯಲಿಲ್ಲ. ಸದ್ದು ಎತ್ತಣಿಂದ ಬರುತ್ತಿದೆ ಎಂಬುದನ್ನು ಮಿದುಳು ನಿರ್ಧರಿಸುವುದು ಎರಡು ಕಿವಿಗಳನ್ನು ಹೋಲಿಸಿ. ಒಂದೇ ಇದ್ದಾಗ ಹೋಲಿಕೆಗೆ ಆಧಾರವಿಲ್ಲ. ಊಟದ ಸಾಲಿನ ಗದ್ದಲದಲ್ಲಿ ಎಡಗಡೆ ಕುಳಿತವರೊಬ್ಬರು ಎರಡು ಸಲ ಮಾತನಾಡಿಸಿ ಸುಮ್ಮನಾದರಂತೆ. ಮನೆಯವರು ಆಮೇಲೆ ಹೇಳಿದರು.

ಕಾರಿನಲ್ಲಿ ಇನ್ನೊಂದು ವಿಚಿತ್ರ ಅರಿವಾಯಿತು. ಅಮೆರಿಕದಲ್ಲಿ ಚಾಲಕರ ಆಸನ ಎಡಗಡೆ. ನಾನು ಓಡಿಸುವಾಗ ಪಕ್ಕದವರು ನನ್ನ ಬಲಗಿವಿಯ ಕಡೆ ಇರುತ್ತಾರೆ, ಸಂಭಾಷಣೆಗೆ ತೊಂದರೆಯಿಲ್ಲ. ಮೈಸೂರಿನಲ್ಲಿ ತಮ್ಮನ ಕಾರನ್ನು ಓಡಿಸಿದರೆ ಎಲ್ಲವೂ ತಿರುಗುಮುರುಗು. ಪಕ್ಕದಲ್ಲಿ ಕುಳಿತ ಅಮ್ಮನ ಮಾತು ಸತ್ತ ಕಿವಿಯ ಕಡೆಯಿಂದ ಬರುತ್ತದೆ. ಒಂದೇ ಕಿವುಡು ಎರಡು ದೇಶಗಳಲ್ಲಿ ಎರಡು ಬಗೆ.

ನನ್ನ ವೃತ್ತಿಯ ಪ್ರಶ್ನೆಯೂ ಇತ್ತು. ಹೃದಯದ ಸೂಕ್ಷ್ಮ ಮರ್ಮರಗಳನ್ನು ಆಲಿಸಿ ರೋಗ ಪತ್ತೆ ಮಾಡುವುದನ್ನು ನಮ್ಮ ಗುರುಗಳು ವಿದ್ಯೆಯ ಶಿಖರವೆಂದು ಕಲಿಸಿದ್ದರು. ಸ್ಟೆತಸ್ಕೋಪಿನ ಒಂದು ಕೊಳವೆ ಇನ್ನು ವ್ಯರ್ಥ. ಸದ್ದನ್ನು ವರ್ಧಿಸುವ ಡಿಜಿಟಲ್ ಸ್ಟೆತಸ್ಕೋಪನ್ನು ತರಿಸಿ ಬಲಗಿವಿಯೊಂದರಿಂದಲೇ ಎರಡು ವಾರ ಅಭ್ಯಾಸ ಮಾಡಿದೆ. ಸಾಧ್ಯವಿದೆ ಎಂದು ಮನದಟ್ಟಾಯಿತು. ಕ್ಲಿನಿಕ್ಕಿನಲ್ಲಿ ರೋಗಿಗಳ ಕುರ್ಚಿಯನ್ನು ನನ್ನ ಬಲಕ್ಕೆ ಸರಿಸಿದ್ದೇನೆ.

ಮುಖದ ನರದ ವಿಷಯದಲ್ಲಿಯೂ ಖಾತರಿಯಿಲ್ಲ. ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಮುಖದ ಸ್ನಾಯುಗಳಿಗೆ ಸೂಕ್ಷ್ಮ ವಿದ್ಯುದ್ವಾರಗಳನ್ನು ಚುಚ್ಚಿ, ನರಕ್ಕೆ ತುಸು ಧಕ್ಕೆಯಾದರೂ ಯಂತ್ರ ಸದ್ದು ಮಾಡುವಂತೆ ಏರ್ಪಾಡು ಮಾಡುತ್ತಾರೆ. ಗೆಡ್ಡೆ ನರಕ್ಕೆ ಅಂಟಿಕೊಂಡಿದ್ದರೆ ತೆಳುವಾದ ಒಂದು ಪದರವನ್ನು ಅಲ್ಲೇ ಬಿಟ್ಟು ಮುಂದೆ ಎಂಆರ್‌ಐ ಮೂಲಕ ಗಮನಿಸುವುದಕ್ಕೆ ನಾನು ಮೊದಲೇ ಸಮ್ಮತಿ ನೀಡಿದ್ದೇನೆ. ಇಷ್ಟಾದರೂ ಕೆಲಕಾಲ ಮುಖ ಜೋಲಬಹುದು, ಕಣ್ಣು ಮುಚ್ಚದಿರಬಹುದು. ಆಗ ಕಣ್ಣು ಒಣಗದಂತೆ ಕಾಪಾಡುವುದೇ ಮುಖ್ಯ. ಕೃತಕ ಕಣ್ಣೀರಿನ ಹನಿಗಳು, ರಾತ್ರಿ ಹಚ್ಚುವ ಮುಲಾಮು ಈಗಾಗಲೇ ಮನೆಯಲ್ಲಿವೆ. ಹೋಲಿಕೆಗೆ ಬೇಕೆಂದು ನಾನು ನಗುವ, ಹುಬ್ಬೇರಿಸುವ, ಕಣ್ಣು ಬಿಗಿಯಾಗಿ ಮುಚ್ಚುವ ವಿಡಿಯೊವನ್ನು ಮಗಳು ಚಿತ್ರಿಸಿಟ್ಟಿದ್ದಾಳೆ.

ಹಾಲಿವುಡ್ ನಟ ಮಾರ್ಕ್ ರಫಲೋ ಇದೇ ಗೆಡ್ಡೆಯ ಶಸ್ತ್ರಚಿಕಿತ್ಸೆಗೆ ಒಳಗಾದವರು. ಮುಖದ ಒಂದು ಪಾರ್ಶ್ವ ತಿಂಗಳುಗಟ್ಟಲೆ ನಿಶ್ಚಲವಾಗಿತ್ತು, ಎಡಗಿವಿಯ ಶ್ರವಣ ಹೋಯಿತು. ಅದನ್ನು ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಮುಖವೇ ಬಂಡವಾಳವಾದ ವೃತ್ತಿಗೆ ಮರಳಿದ್ದಾರೆ. ಈ ಗೆಡ್ಡೆಯ ರೋಗಿಗಳೇ 1981ರಲ್ಲಿ ಕಟ್ಟಿದ ಅಕೌಸ್ಟಿಕ್ ನ್ಯೂರೋಮಾ ಅಸೋಸಿಯೇಷನ್ ಎಂಬ ಸಂಸ್ಥೆಯೂ ಇಲ್ಲಿದೆ. ಚಿಕಿತ್ಸೆ ಮುಗಿಸಿದವರೊಡನೆ ಮಾತನಾಡಿದಾಗ ಯಾವ ವೈದ್ಯರೂ ಹೇಳದ ಸಂಗತಿಗಳು ತಿಳಿದವು. ಮೊದಲ ವಾರಗಳ ಅತೀವ ಆಯಾಸ ಅವುಗಳಲ್ಲಿ ಒಂದು.

ಕಾಗದಪತ್ರಗಳ ಸಿದ್ಧತೆ

ವಿದೇಶಕ್ಕೆ ಬರುವವರು ಗಮನವಿಟ್ಟು ಓದಬೇಕಾದ ಭಾಗ ಇದು. ಅಮೆರಿಕದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ವಿಮಾ ಕಂಪನಿಯ ಪೂರ್ವಾನುಮತಿ ಬೇಕು. ನನ್ನ ಕಂಪನಿ ಮೊದಲು ನಿರಾಕರಿಸಿತು; ಶಸ್ತ್ರವೈದ್ಯರು ಕಂಪನಿಯ ವೈದ್ಯರೊಡನೆ ನೇರವಾಗಿ ಮಾತನಾಡಿದ ಮೇಲೆ ಒಪ್ಪಿತು. ನಿರಾಕರಣೆಯೇ ಕೊನೆಯ ಮಾತೆಂದು ಭಾವಿಸಬೇಡಿ. ಮೇಲ್ಮನವಿಗೆ ಹಕ್ಕಿದೆ. ಕ್ಯಾಲಿಫೋರ್ನಿಯಾ ರಾಜ್ಯದ ನಿಯಂತ್ರಣಕ್ಕೆ ಒಳಪಟ್ಟ ವಿಮೆಗಳಲ್ಲಿ ಸ್ವತಂತ್ರ ವೈದ್ಯಕೀಯ ಪರಿಶೀಲನೆಯನ್ನು ಶುಲ್ಕವಿಲ್ಲದೆ ಕೋರಬಹುದು. ವಿಮೆಯ ಜಾಲದೊಳಗಿನ ಆಸ್ಪತ್ರೆಗೆ ಹೋದಾಗ ಜಾಲದ ಹೊರಗಿನ ಅರಿವಳಿಕೆ ತಜ್ಞರಿಂದ ಅನಿರೀಕ್ಷಿತ ಬಿಲ್ಲು ಬರುವುದನ್ನು 2022ರಿಂದ ಜಾರಿಯಲ್ಲಿರುವ ಕೇಂದ್ರ ಕಾನೂನು ತಡೆಯುತ್ತದೆ. ಕೆಲಸದ ಆಹ್ವಾನಪತ್ರ ಬಂದಾಗ ಸಂಬಳದ ಅಂಕಿಯ ಜೊತೆಗೆ ವರ್ಷಕ್ಕೆ ನಿಮ್ಮ ಕೈಯಿಂದ ಹೋಗಬಹುದಾದ ಗರಿಷ್ಠ ವೈದ್ಯಕೀಯ ವೆಚ್ಚ ಎಷ್ಟು ಎಂಬ ಸಾಲನ್ನೂ ಓದಿ. ಆರೋಗ್ಯವಂತರಾಗಿದ್ದಾಗ ಆ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ರಜೆಯ ವಿಷಯ. 1993ರ ಕೇಂದ್ರ ಕಾನೂನಿನಂತೆ, ಕನಿಷ್ಠ ಒಂದು ವರ್ಷ ಕೆಲಸ ಮಾಡಿರುವವರಿಗೆ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ, 12 ವಾರಗಳವರೆಗೆ ಕೆಲಸ ಕಳೆದುಕೊಳ್ಳದ ರಜೆ ಸಿಗುತ್ತದೆ, ಸಂಬಳ ಸಿಗಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೌಕರರ ವೇತನದಿಂದಲೇ ಕಡಿತವಾಗುವ ಅಂಗವೈಕಲ್ಯ ವಿಮೆಯಿಂದ ಆ ಅವಧಿಗೆ ವೇತನದ ಒಂದು ಪಾಲು ದೊರೆಯುತ್ತದೆ. ರೋಗಿಯನ್ನು ನೋಡಿಕೊಳ್ಳುವ ಕುಟುಂಬದವರಿಗೂ ಎಂಟು ವಾರಗಳವರೆಗೆ ಇಂಥದೇ ನೆರವುಂಟು. ಇದು 2004ರಿಂದ ಇದೆ. ನನ್ನ ಪತಿ ಅದನ್ನೇ ಬಳಸಿಕೊಳ್ಳಲಿದ್ದಾರೆ. ನಮ್ಮವರಲ್ಲಿ ಎಷ್ಟೋ ಮಂದಿ ಪ್ರತಿ ತಿಂಗಳೂ ಈ ಹಣ ಕಟ್ಟುತ್ತಿದ್ದರೂ ಹೀಗೊಂದು ಸೌಲಭ್ಯ ಇದೆಯೆಂದು ಅರಿಯರು.

ಇನ್ನೊಂದು ಕಾಗದ ಮುಂಗಡ ಆರೋಗ್ಯ ನಿರ್ದೇಶನ ಪತ್ರ. ನನಗೆ ಮಾತನಾಡಲಾಗದ ಸ್ಥಿತಿ ಬಂದರೆ ನನ್ನ ಪರವಾಗಿ ನಿರ್ಧರಿಸುವವರು ಯಾರು, ಕೃತಕ ಉಸಿರಾಟವನ್ನು ಎಷ್ಟು ಕಾಲ ಮುಂದುವರಿಸಬೇಕು ಎಂಬುದನ್ನು ಅದರಲ್ಲಿ ಬರೆಯಬೇಕು. ಸಹಿಗೆ ಇಬ್ಬರು ಸಾಕ್ಷಿಗಳು ಅಥವಾ ನೋಟರಿ ಬೇಕು. ಸಾಕ್ಷಿಗಳಲ್ಲಿ ಒಬ್ಬರಾದರೂ ಬಂಧುವಾಗಿರಬಾರದು. ನೂರಾರು ರೋಗಿಗಳಿಗೆ ಈ ಪತ್ರದ ಮಹತ್ವವನ್ನು ವಿವರಿಸಿದ್ದೇನೆ. ನಮ್ಮ ಊಟದ ಮೇಜಿನ ಮೇಲೆ ಅದನ್ನು ಇಟ್ಟಾಗ ಪತಿ ಅಪಶಕುನವೆಂದು ಬದಿಗೆ ಸರಿಸಿದರು. ಮೂರು ದಿನಗಳ ನಂತರ ಮಗಳೇ ಲೇಖನಿ ಹಿಡಿದು, ಅಮ್ಮ, ನಿನಗೆ ಏನು ಬೇಕೋ ಹೇಳು, ಊಹಿಸುವ ಕೆಲಸ ನಮಗೆ ಕೊಡಬೇಡ, ಎಂದಳು. ನೆರೆಮನೆಯ ಕನ್ನಡ ದಂಪತಿಗಳು ಸಾಕ್ಷಿ ಹಾಕಿದರು.

ಬೆಂಗಳೂರಿಗೆ ಏಕೆ ಬರಲಿಲ್ಲ

ಅಲ್ಲಿ ಸಾಮರ್ಥ್ಯ ಕಡಿಮೆಯೆಂದು ಖಂಡಿತ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವೆಲ್ಲೂರಿನ ಸಿಎಂಸಿಯಲ್ಲಿಯೂ ಈ ಶಸ್ತ್ರಚಿಕಿತ್ಸೆಯ ದೀರ್ಘ ಅನುಭವವಿದೆ. ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಕೂಡ ಇದೆ. ತಡವಾಗಿ ಬರುವ ರೋಗಿಗಳ ದೊಡ್ಡ ಗೆಡ್ಡೆಗಳನ್ನು ನಿಭಾಯಿಸಿ ನಮ್ಮ ದೇಶದ ಶಸ್ತ್ರವೈದ್ಯರ ಕೈ ಪಳಗಿದೆ. ಕರ್ನಾಟಕದಲ್ಲಿರುವ ಯಾರಿಗಾದರೂ ಈ ರೋಗ ಕಂಡರೆ ಅಮೆರಿಕದ ಕಡೆ ನೋಡಬೇಕಾದ ಅಗತ್ಯವೇ ಇಲ್ಲ. ನನ್ನ ಕಾರಣ ಬೇರೆ. ಶಸ್ತ್ರಚಿಕಿತ್ಸೆ ಒಂದು ದಿನದ್ದು; ಎಂಆರ್‌ಐ, ಸಮತೋಲನದ ವ್ಯಾಯಾಮ, ಮುಖದ ಚಿಕಿತ್ಸೆ, ಶ್ರವಣಸಾಧನ ಇವು ವರ್ಷಗಳವು. ಮುಂದಿನ ವರ್ಷಗಳನ್ನು ಕಳೆಯುವ ಊರಿನಲ್ಲೇ ಚಿಕಿತ್ಸೆ ಪಡೆಯುವುದು ವಿವೇಕ. ವಿಮೆಯೂ ಇಲ್ಲಿಯದೇ.

ಆದರೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಹೀಗೆ ಸುಲಭವಾಗಿ ದಾಟಲಾಗದು. ಊರಿನಲ್ಲಿದ್ದರೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಹತ್ತು ಜನ ಕಾದು ಕುಳಿತಿರುತ್ತಿದ್ದರು. ಇಲ್ಲಿ ಅದನ್ನು ಯೋಜಿಸಬೇಕು. ತಂಗಿಯ ಬಳಿ ಮೊದಲೇ ಹತ್ತು ವರ್ಷದ ಸಂದರ್ಶಕ ವೀಸಾ ಇದ್ದುದರಿಂದ ಅವಳು ಬರುತ್ತಿದ್ದಾಳೆ. ರೋಗ ಬಂದ ಮೇಲೆ ವೀಸಾಕ್ಕೆ ಓಡಾಡುವುದು ಕಷ್ಟ. ಸಾಧ್ಯವಿರುವವರು ಹತ್ತಿರದ ಒಬ್ಬರಿಗಾದರೂ ಮೊದಲೇ ಮಾಡಿಸಿಡುವುದು ಒಳ್ಳೆಯದು. ಕನ್ನಡ ಕೂಟದ ಗೆಳತಿಯರು ಸರದಿಯಂತೆ ಊಟ ತಂದುಕೊಡುವ ಪಟ್ಟಿ ಮಾಡಿದ್ದಾರೆ. ಅಗಿಯುವ ಶ್ರಮವಿಲ್ಲದ ಇಡ್ಲಿ, ತಿಳಿಸಾರು, ಮೆತ್ತನೆಯ ಅನ್ನ, ಮಲಬದ್ಧತೆ ಬಾರದಂತೆ ಸೊಪ್ಪು ಸಾಕೆಂದಿದ್ದೇನೆ. ತಿಣುಕುವುದು, ಬಗ್ಗುವುದು, ಮೂಗು ಸೀಟುವುದು, ಭಾರ ಎತ್ತುವುದು ಇವೆಲ್ಲ ಕೆಲವು ವಾರ ನಿಷಿದ್ಧ. ಮಿದುಳಿನ ಸುತ್ತಲಿನ ದ್ರವ ಸೋರುವ ಅಪಾಯ ಅದರಿಂದ ಹೆಚ್ಚುತ್ತದೆ. ಬೇಳೆ ತುಂಬಿದ ಕುಕ್ಕರನ್ನೂ ಎತ್ತುವಂತಿಲ್ಲ. ಮಹಡಿಯ ಹಾಸಿಗೆ ಕೆಳಗಿಳಿದಿದೆ, ಎಡವಿಸುವ ಕಂಬಳಿಗಳು ಸುತ್ತಿಕೊಂಡಿವೆ, ಸ್ನಾನಗೃಹದ ಗೋಡೆಗೆ ಹಿಡಿಕೆ ಬಂದಿದೆ.

ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ಎಚ್ಚರಿಕೆ ಇದೆ. ಅರಿವಳಿಕೆ ವೈದ್ಯರು ನಿತ್ಯ ಸೇವಿಸುವ ಔಷಧಗಳ ಪಟ್ಟಿ ಕೇಳುತ್ತಾರೆ. ಅರಿಶಿನದ ಕ್ಯಾಪ್ಸೂಲು, ಮೀನೆಣ್ಣೆ, ಅಶ್ವಗಂಧ, ಊರಿನಿಂದ ಬಂದ ಲೇಹ್ಯ ಇವನ್ನು ಔಷಧವೆಂದು ನಾವು ಎಣಿಸುವುದೇ ಇಲ್ಲ. ಇವುಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವಿಕೆಯ ಮೇಲೆ, ಕೆಲವು ಅರಿವಳಿಕೆಯ ಮೇಲೆ ಪರಿಣಾಮ ಬೀರಬಲ್ಲವು. ಎಲ್ಲವನ್ನೂ ಹೇಳಬೇಕು, ಅವರು ಹೇಳಿದ ದಿನದಿಂದ ನಿಲ್ಲಿಸಬೇಕು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಅಡ್ಡಿಯಿಲ್ಲ. ಲೋಹದ ಆಭರಣ ಮೈಮೇಲಿದ್ದರೆ ವಿದ್ಯುತ್ ಉಪಕರಣದಿಂದ ಸುಡುವ ಸಂಭವವಿರುವುದರಿಂದ ಮಾಂಗಲ್ಯ, ಮೂಗುಬೊಟ್ಟು, ಬಳೆಗಳನ್ನು ತೆಗೆದಿಡಬೇಕು. ಎಷ್ಟೋ ವರ್ಷಗಳಿಂದ ತೆಗೆಯದ ಮೂಗುಬೊಟ್ಟಿನ ತಿರುಪನ್ನು ಅಂದು ಬೆಳಗ್ಗೆ ಬಿಚ್ಚಲು ಹೋದರೆ ಬರುವುದಿಲ್ಲ. ಒಂದು ವಾರ ಮೊದಲೇ ಬಿಚ್ಚಿಸಿಕೊಳ್ಳಿ.

ಮೈಸೂರಿನಲ್ಲಿರುವ ಅಮ್ಮನಿಗೆ ಎಂಬತ್ತು ದಾಟಿದೆ. ಅವಳಿಗೆ ಹೇಳುವುದೋ ಬೇಡವೋ ಎಂದು ಒಡಹುಟ್ಟಿದವರು ಚರ್ಚಿಸಿದರು. ದೂರದಲ್ಲಿರುವವರಿಗೆ ವಿಷಯ ಮುಚ್ಚಿಟ್ಟರೆ ಅವರು ಅದಕ್ಕಿಂತ ಕೆಟ್ಟದ್ದನ್ನೇ ಕಲ್ಪಿಸಿಕೊಳ್ಳುತ್ತಾರೆಂಬುದು ನನ್ನ ವೃತ್ತಿಯ ಅನುಭವ. ವಿಡಿಯೊ ಕರೆಯಲ್ಲಿ ನಾನೇ ಹೇಳಿದೆ: ಕ್ಯಾನ್ಸರ್ ಅಲ್ಲ, ಹತ್ತು ಗಂಟೆಯಾದರೂ ಹಿಡಿಯಬಹುದು, ಎಡಗಿವಿ ಹೋಗುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಕಿವಿ ಇದ್ದಾಗ ನನ್ನ ಮಾತು ಬಹಳ ಕೇಳಿಬಿಟ್ಟೆಯಲ್ಲ, ಎಂದಳು. ಆಮೇಲೆ ಆ ದಿನ ಅಮಾವಾಸ್ಯೆಯೇನಾದರೂ ಇದೆಯೇ ಎಂದು ಕೇಳಿದಳು. ಇಬ್ಬರು ಶಸ್ತ್ರವೈದ್ಯರು ಒಂದೇ ದಿನ ಬಿಡುವಾಗಿರುವುದೇ ಇಲ್ಲಿನ ಮುಹೂರ್ತ ಎಂದೆ. ಅವಳು ಪಂಚಾಂಗ ನೋಡಿ, ಪರವಾಗಿಲ್ಲ, ನಡೆಯಲಿ ಎಂದಿದ್ದಾಳೆ.

ಶಸ್ತ್ರಚಿಕಿತ್ಸೆಯ ದಿನಕ್ಕೆ ಬೇಕಾದ ಸಿದ್ಧತೆಯನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ. ಅದರ ಮರುದಿನದಿಂದ ಮುಂದಿನ ವರ್ಷಗಳವರೆಗಿನ ಸಿದ್ಧತೆ ರೋಗಿಯದು, ಅವಳ ಮನೆಯವರದು. ಸಮತೋಲನದ ನರ ಹೋದ ಮೇಲೆ ಮಿದುಳು ಇನ್ನೊಂದು ಬದಿಯ ನೆರವಿನಿಂದ ಹೊಸದಾಗಿ ಕಲಿಯುತ್ತದೆ. ಅದಕ್ಕೆ ನಡಿಗೆಗಿಂತ ಉತ್ತಮ ಔಷಧವಿಲ್ಲ. ಆದ್ದರಿಂದ ಫ್ರೀಮಾಂಟ್‌ನ ಎಲಿಜಬೆತ್ ಕೆರೆಯ ದಂಡೆಯಲ್ಲಿ ಈಗಿನಿಂದಲೇ ದಿನವೂ ನಡೆಯುತ್ತಿದ್ದೇನೆ. ಕಿವುಡಾದ ಬದಿಯ ಸದ್ದನ್ನು ಕೇಳುವ ಕಿವಿಗೆ ದಾಟಿಸುವ ಶ್ರವಣಸಾಧನವನ್ನು ಪರೀಕ್ಷಿಸಲು ಮೂರನೆಯ ತಿಂಗಳಿಗೆ ಸಮಯ ಗೊತ್ತುಪಡಿಸಿಯಾಗಿದೆ. ಆ ದಿನ ಬರುವವರೆಗೆ ನನ್ನೊಡನೆ ಊಟಕ್ಕೆ ಕುಳಿತುಕೊಳ್ಳುವ ಸ್ನೇಹಿತರು ದಯವಿಟ್ಟು ಬಲಗಡೆಯೇ ಕುಳಿತುಕೊಳ್ಳಬೇಕು.